ಹಸಿರು ಬಳಿದ ಗುಡ್ಡೆ

ಮಗಳ ಸ್ಕೂಲ್ ಪ್ರಾಜೆಕ್ಟಿಗೆ ಸಾಮಾನು ತರಲು ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಹೋಗಿದ್ದೆ. ಅಂಗಡಿಯವರು ಬಣ್ಣದ ಪೆನ್ಸಿಲ್ಲಿನ ಡಬ್ಬಿ ತೆರೆದರು. ಆ ಮರದ ವಾಸನೆ ಮೂಗಿಗೆ ತಾಕಿದ್ದೇ ತಡ, ನಮ್ಮ ಹಳೇ ಆಫೀಸಿನ ಮೇಷ್ಟ್ರು ನೆನಪಾದರು...

ಅವರು ಪಾಠದ ಮೇಷ್ಟ್ರಲ್ಲ, ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಗಣಿಗಳಿಗೆ ನಕ್ಷೆ ತಯಾರಿಸಿಕೊಡುವ ನಮ್ಮ ಸಣ್ಣ ಆಫೀಸಿನಲ್ಲಿ ನನಗೆ ನಕ್ಷೆ ಓದಲು ಕಲಿಸಿದವರು ಅವರೇ, ಅದಕ್ಕೇ ಆ ಹೆಸರು. ಇಟ್ಟಮಡುವಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ತಾವು ನಡೆದು ನೋಡದ ಜಾಗಕ್ಕೆ ಒಂದು ಗೆರೆಯನ್ನೂ ಎಳೆಯದ ಹಠಮಾರಿ. ಆಗ ನನಗದು ದೊಡ್ಡ ತಲೆನೋವಾಗಿತ್ತು.

ಗಣಿ ಮಾಲೀಕ ನಾಳೆ ಕೈಯೆತ್ತಿದರೂ ನೆಲ ಸರಿಪಡಿಸಲು ಹಣವಿರಲಿ ಎಂದು ಸರ್ಕಾರ ಮೊದಲೇ ಬ್ಯಾಂಕ್ ಗ್ಯಾರಂಟಿ ಇಡಿಸಿಕೊಳ್ಳುತ್ತದೆ. ಹಾಳಾದ ನೆಲ ಎಷ್ಟೋ ಗ್ಯಾರಂಟಿಯೂ ಅಷ್ಟು. ಗಿಡ ಬೆಳೆಸಿ ಸರಿಪಡಿಸಿದ ಜಾಗಕ್ಕೆ ವಿನಾಯಿತಿ ಉಂಟು. ಅದನ್ನು ನಕ್ಷೆಯಲ್ಲಿ ಹಸಿರು ಬಳಿದು ತೋರಿಸುತ್ತಿದ್ದೆವು. ಒಂದು ಮ್ಯಾಂಗನೀಸ್ ಗಣಿಯವರು ತಾವು ಸುರಿದಿದ್ದ ಮಣ್ಣಿನ ಗುಡ್ಡೆಗೆ ಹಸಿರು ಬೇಕೆಂದರು. ಗುಡ್ಡೆಯ ಕೆಳಗೇ ಊರಿನ ಕೆರೆ ಇತ್ತು.

"ಅಲ್ಲಿ ಒಂದ್ ಗಿಡಾನೂ ಇಲ್ಲಮ್ಮಾ, ನಾನೇ ಹತ್ತಿ ನೋಡ್ಕೊಂಡ್ ಬಂದಿದೀನಿ. ನಾಳೆ ಆ ಮಣ್ಣೆಲ್ಲ ಕೆರೆಗಿಳಿದ್ರೆ ತೆಗ್ಸೋರ್ಯಾರು?" ಎಂದು ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು.

ಅವರು ಮನೆಗೆ ಹೊರಟ ಮೇಲೆ ನಾನೇ ಕೂತು ಹಸಿರು ತುಂಬಿದೆ. ಬಳಿಯಲು ಹೇಳಿದ್ದು ನಮ್ಮ ಬಾಸ್, ನಿಜ, ಆದರೆ ಕೈ ನನ್ನದು. ನಕ್ಷೆಯ ಮೂಲೆಯಲ್ಲಿ ಮೊದಲೇ ಹಾಕಿದ್ದ ಸಹಿ ಮಾತ್ರ ಅವರದು...

ಕೆಲವು ವರ್ಷಗಳಲ್ಲಿ ಗಣಿ ಮುಚ್ಚಿತು, ಮಾಲೀಕ ನಾಪತ್ತೆಯಾದ. ಒಂದು ಜೋರು ಮಳೆಗೆ ಗುಡ್ಡೆ ಜರಿದು ಕೆರೆ ತುಂಬ ಕಪ್ಪು ಹೂಳಾಯಿತು. ಹಸಿರಿನ ಲೆಕ್ಕದಲ್ಲಿ ಕಡಿಮೆಯಾಗಿದ್ದ ಗ್ಯಾರಂಟಿಯ ಹಣ ಗಣಿಯ ಗುಂಡಿಗೆ ಬೇಲಿ ಹಾಕುವಷ್ಟರಲ್ಲೇ ಮುಗಿದಿತ್ತಂತೆ. ವಿಚಾರಣೆಗೆ ಕರೆದದ್ದು ಸಹಿ ಮಾಡಿದವರನ್ನು. ಆಗ ಮೇಷ್ಟ್ರು ಫೋನ್ ಮಾಡಿದರು. ಅವರಿಗೆ ಎಲ್ಲ ಗೊತ್ತಿತ್ತು.

"ನೀನು ಬಂದು ಒಂದ್ ಮಾತು ಹೇಳಮ್ಮಾ, ಬಣ್ಣ ನಂದಲ್ಲ ಅಂತ. ಅಷ್ಟೇ ಸಾಕು."

"ಬರ್ತೀನಿ ಮೇಷ್ಟ್ರೇ" ಎಂದೆ. ಹೋಗಲಿಲ್ಲ. ಹೊಸ ಕೆಲಸ, ಪುಟ್ಟ ಮಗು ಎಂದು ಕುಂಟು ನೆಪ ಹೇಳಿಕೊಂಡೆ. ನಿಜವಾಗಿ ಹೆದರಿದ್ದೆ. ಅವರು ನನ್ನ ಹೆಸರನ್ನು ಎಲ್ಲೂ ಎತ್ತಲಿಲ್ಲ. ಆಮೇಲೆ ಯಾವ ಆಫೀಸಿನವರೂ ಅವರಿಗೆ ಕೆಲಸ ಕೊಡಲಿಲ್ಲ ಎಂದು ಕೇಳಿದೆ. ಕೇಳಿಯೂ ಸುಮ್ಮನಿದ್ದೆ.

ಮೊನ್ನೆ ಅಂಗಡಿಯಿಂದ ಮನೆಗೆ ಬರದೆ ಆಟೋ ಹಿಡಿದು ನೇರ ಇಟ್ಟಮಡುವಿಗೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ. ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಗಿತ್ತು. ಹೊಸ್ತಿಲಾಚೆ ನಿಂತೇ, ಹಸಿರು ಬಳಿದದ್ದು ನಾನು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಆಕೆ ಬಯ್ಯಲಿಲ್ಲ.

"ಅವತ್ತು ನೀವು ಬರ್ತೀರಾ ಅಂತ ಆ ವಿಚಾರಣೆ ಆಫೀಸಿನ ಮೆಟ್ಲಲ್ಲಿ ಸಾಯಂಕಾಲದವರ್ಗೂ ಕೂತಿದ್ರಮ್ಮಾ. ಅಲ್ಲಿ ಹೇಳ್ಬೇಕಾಗಿದ್ದನ್ನ ಈಗ ನಂಗೆ ಹೇಳಿದ್ರೆ ನಾನೇನ್ ಮಾಡ್ಲಿ?"