ಒದ್ದೆ ಕಬ್ಬಿಣದ ಮೇಲೆ ಡಾಂಬರು

ಹೊಸಪೇಟೆಯ ಗಾದಿಲಿಂಗಪ್ಪನಷ್ಟು ಪುಕ್ಕಲ ಮನುಷ್ಯ ಸುತ್ತ ಹತ್ತೂರಿನಲ್ಲಿ ಇದ್ದಿರಲಾರ. ಪೊಲೀಸಿನವನ ಟೋಪಿ ಕಂಡರೆ ಓಣಿ ಬದಲಿಸುತ್ತಿದ್ದ. ಯಾರಾದರೂ ಜೋರಾಗಿ ಕೆಮ್ಮಿದರೆ ತನ್ನನ್ನೇ ಕರೆದರೇನೋ ಎಂದು ಎದ್ದು ನಿಲ್ಲುತ್ತಿದ್ದ. ಆದರೆ ಕುಂಚ ಕೈಗೆ ಬಂತೆಂದರೆ ಬೇರೆಯೇ ಆಳು. ಮೊದಲು ಎತ್ತಿನಗಾಡಿ, ಜಟಕಾಗಳಿಗೆ ಬಣ್ಣ ಹೊಡೆಯುತ್ತಿದ್ದವನು, ಊರಿಗೆ ಬಸ್ಸುಗಳು ಬಂದ ಮೇಲೆ ಅವುಗಳ ಹೊಟ್ಟೆಯಡಿ ಮಲಗಿ ಕೆಲಸ ಮಾಡುವುದನ್ನು ಕಲಿತ. ಬಸ್ಸಿನ ಮೈಗೆ ಬಣ್ಣ ಬಳಿಯುವವರು ಬೇಕಾದಷ್ಟು ಮಂದಿ ಇದ್ದರು. ಅಡಿಯ ಚಾಸಿಗೆ, ಅಂದರೆ ಇಡೀ ಬಸ್ಸಿನ ಭಾರ ಹೊರುವ ಕಬ್ಬಿಣದ ಚೌಕಟ್ಟಿಗೆ, ಗಾದಿಲಿಂಗಪ್ಪನ ಕೈಯೇ ಆಗಬೇಕಿತ್ತು.

ಅವನದೊಂದು ಕ್ರಮವಿತ್ತು. ತಂತಿ ಬ್ರಷ್ಷಿನಿಂದ ತುಕ್ಕನ್ನೆಲ್ಲ ಕೆರೆದು, ಕಬ್ಬಿಣ ಬೆಳ್ಳಗಾಗುವ ತನಕ ಉಪ್ಪುಕಾಗದದಲ್ಲಿ ಉಜ್ಜಿ, ಒಂದು ಪೂರಾ ದಿನ ಬಿಸಿಲಿಗೆ ಬಿಡುತ್ತಿದ್ದ. ಆಮೇಲೆ ಕುದಿಸಿದ ಅಗಸೆ ಎಣ್ಣೆಯಲ್ಲಿ ಸಿಂಧೂರ ಕಲೆಸಿ ಎರಡು ಕೈ ಹೊಡೆಯುತ್ತಿದ್ದ. ಹನುಮಪ್ಪನ ಮೈಗೆ ಮೆತ್ತುತ್ತಾರಲ್ಲ, ಅದೇ ಸಿಂಧೂರ. ಅದು ಆರಿದ ಮೇಲಷ್ಟೇ ಕರಿ ಬಣ್ಣ. ಎಲ್ಲ ಸೇರಿ ಐದು ದಿನ. "ಏನಪಾ, ಬಸ್ಸಿಗೂ ಹನುಮಪ್ಪನ ದೀಕ್ಷಾ ಕೊಟ್ಟಿಯೇನು?" ಎಂದು ಡ್ರೈವರುಗಳು ಕಾಡಿಸುತ್ತಿದ್ದರು. ಕಾಡಿಸಲಿ ಬಿಡಿ, ಅವನು ಬಣ್ಣ ಬಳಿದ ಚಾಸಿ ನಾಲ್ಕು ಮಳೆಗಾಲ ಕಂಡರೂ ತುಕ್ಕು ಹಿಡಿಯುತ್ತಿರಲಿಲ್ಲ.

ಹೀಗಿದ್ದವನು ಎಡವಿದ್ದು ಸಾವಿರದ ಒಂಬೈನೂರ ನಲವತ್ತೆರಡರ ಆಯುಧಪೂಜೆಗೆ. ಯುದ್ಧದ ಕಾಲ, ಪೆಟ್ರೋಲಿಗೆ ಬರ. ಎಲ್ಲ ಬಸ್ಸುಗಳ ಬೆನ್ನಿಗೂ ಆಳೆತ್ತರದ ಇದ್ದಿಲ ಒಲೆ ಕಟ್ಟಿ, ಅದರ ಹೊಗೆಯಿಂದಲೇ ಓಡಿಸುತ್ತಿದ್ದರು. ವಿರೂಪಾಕ್ಷಪ್ಪ ಎಂಬ ಧಣಿಯ ಬಸ್ಸು ಹೊಸಪೇಟೆಯಿಂದ ಸಂಡೂರಿಗೆ ಹೋಗಿಬರುತ್ತಿತ್ತು. ಪೂಜೆಯ ಹಿಂದಿನ ದಿನ ಅದನ್ನು ಕಾಲುವೆಗೆ ಇಳಿಸಿ, ಗಣಿಯ ಕೆಂಪು ಮಣ್ಣೆಲ್ಲ ಹೋಗುವಂತೆ ತೊಳೆದು, ನೀರು ಸುರಿಯುತ್ತಿದ್ದಂತೆಯೇ ಗಾದಿಲಿಂಗಪ್ಪನ ಮುಂದೆ ತಂದು ನಿಲ್ಲಿಸಿದರು.

"ಐದು ದಿನಾನಾ? ನಾಳೆ ಪೂಜಿ ಐತಿ ನನಗ!" ಎಂದು ವಿರೂಪಾಕ್ಷಪ್ಪ ಗದರಿದ. "ಡಾಂಬರ್ ಬಳದು ಬಿಡಲೇ. ಕಂಪ್ಲಿ ಹರಿಗೋಲಿಗೆ ಅದನ್ನ ಬಳೀತಾರ, ವರ್ಷಗಟ್ಲೆ ಹೊಳ್ಯಾಗ ಇರ್ತಾವು. ಬಸ್ಸೇನು ಈಜ್ಲಿಕ್ಕೆ ಹೊಂಟೈತೇನು?"

ಕಂಪ್ಲಿ ಗಾದಿಲಿಂಗಪ್ಪನ ತಾಯಿಯ ತವರು. ಸೋದರಮಾವ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದವನು. ಹರಿಗೋಲನ್ನು ಮೂರು ದಿನ ಮರಳಿನ ಮೇಲೆ ಬೋರಲು ಹಾಕಿ, ತೊಗಲು ಗರಿಗರಿ ಒಣಗಿದ ಮೇಲೆಯೇ ಮಾವ ಡಾಂಬರು ಮುಟ್ಟುತ್ತಿದ್ದುದನ್ನು ಅವನು ಕಣ್ಣಾರೆ ಕಂಡಿದ್ದ. ಒಳಗೆ ನೀರಿದ್ದರೆ ಡಾಂಬರು ಅದನ್ನು ಹೊರಗೆ ಬಿಡುವುದಿಲ್ಲ. ಇಲ್ಲಿ ಚಾಸಿಯ ಸಂದುಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. "ಒದ್ದಿ ಐತ್ರಿ ಧಣಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಧಣಿಯ ಕಣ್ಣು ನೋಡಿದ. "ಆತ್ರಿ" ಎಂದು ಡಾಂಬರಿನ ಡಬ್ಬಿಗೆ ಕೈಹಾಕಿದ.

ಮರುದಿನ ಬಸ್ಸು ಚೆಂಡುಹೂವಿನ ಹಾರ ಹಾಕಿಕೊಂಡು, ಅಡಿಯಲ್ಲಿ ಹೊಸ ಕರಿ ಹೊಳಪಿನಲ್ಲಿ ಮದುಮಗನ ಹಾಗೆ ನಿಂತಿತ್ತು. ಎಲ್ಲರೂ ಭೇಷ್ ಅಂದರು.

ಮುಂದಿನ ಶ್ರಾವಣ ಬಂತು. ಒಂದು ಬೆಳಿಗ್ಗೆ ಬಸ್ಸು ಹೊರಟುಹೋದ ಜಾಗದಲ್ಲಿ ಗಾದಿಲಿಂಗಪ್ಪನಿಗೆ ಅಂಗೈಯಗಲದ ಡಾಂಬರಿನ ಚಕ್ಕೆ ಸಿಕ್ಕಿತು. ಮೇಲೆ ಫಳಫಳ ಕಪ್ಪು. ತಿರುಗಿಸಿ ನೋಡಿದರೆ, ಅಯ್ಯೋ ದೇವರೇ, ರೊಟ್ಟಿಯಷ್ಟು ದಪ್ಪ ತುಕ್ಕು! ಹಿಚುಕಿದರೆ ಪುಡಿಪುಡಿಯಾಗಿ ಉದುರಿತು. ಇದು ಯಾವ ಕಡೆಯದು ಎಂಬುದು ಅವನಿಗೆ ಕೂಡಲೇ ತಿಳಿಯಿತು. ಹಿಂದುಗಡೆ, ಇದ್ದಿಲ ಒಲೆಯ ಭಾರವೆಲ್ಲ ಬೀಳುವ ಜಾಗದ್ದು.

ಆಗಲೇ ಹೋಗಿ ಹೇಳಬೇಕಿತ್ತು. ಯಾರಾದರೂ ಹೇಳುತ್ತಿದ್ದರು. ನಮ್ಮ ಮಹಾರಾಯ ಚಕ್ಕೆಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡು ಮನೆಗೆ ಬಂದು, ಸಿಂಧೂರದ ಡಬ್ಬಿಯ ತಳದಲ್ಲಿ ಬಚ್ಚಿಟ್ಟ. ಹೇಳಿದರೆ ಧಣಿ ಚರ್ಮ ಸುಲಿಯುತ್ತಾನೆ, ಊರು ಮುಖಕ್ಕೆ ಉಗಿಯುತ್ತದೆ, ಇನ್ನು ಮುಂದೆ ಯಾರೂ ಕುಂಚ ಹಿಡಿಯಲು ಬಿಡುವುದಿಲ್ಲ, ಜೈಲಿಗೆ ಹಾಕಿದರೂ ಹಾಕಿಯಾರು. ಹೇಳದಿದ್ದರೆ? ಸಂಡೂರಿನ ದಾರಿಯ ಘಟ್ಟದ ತಿರುವಿನಲ್ಲಿ ಬಸ್ಸು ಎರಡು ತುಂಡಾಗಿ ಹಿಂದಕ್ಕೆ ಉರುಳುವುದು ಕಣ್ಣಿಗೆ ಕಟ್ಟುತ್ತಿತ್ತು. ದಿನಾ ಸಂಜೆ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಬಸ್ಸು ಬರುವ ದಾರಿ ಕಾಯುತ್ತಿದ್ದ. ಅದರ ಗೊರಗೊರ ಸದ್ದು ಕೇಳಿದಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಇವತ್ತು ಉಳಿಯಿತು, ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದ. ಹೀಗೆ ಎಂಟು ದಿನ ಕಳೆದವು.

ಒಂಬತ್ತನೆಯ ದಿನ ಒಂದು ಗಾಡಿಯ ಗಾಲಿಗೆ ಬಣ್ಣ ಹೊಡೆದು ಮನೆಗೆ ಬಂದರೆ, ಪಂಚಮಿಗೆ ಕಟ್ಟಿದ ಜೋಕಾಲಿ ಖಾಲಿ ನೇತಾಡುತ್ತಿತ್ತು.

"ಹಂಪಕ್ಕ ಎಲ್ಲಿ?" ಎಂದು ಕೇಳಿದ. ಹಂಪಕ್ಕ ಅವನ ಒಬ್ಬಳೇ ಮಗಳು, ಬಂಡ್ರಿಗೆ ಕೊಟ್ಟಿದ್ದರು, ಐದು ತಿಂಗಳ ಬಸುರಿ. ಪಂಚಮಿ ಹಬ್ಬಕ್ಕೆ ತವರಿಗೆ ಬಂದಿದ್ದಳು.

"ಹೋದಳು," ಅಂದಳು ಹೆಂಡತಿ ಭೀಮಮ್ಮ. "ಎತ್ತಿನ ಕಾಲು ಉಳುಕೇತಿ, ಗಾಡಿ ಬರಾಂಗಿಲ್ಲ ಅಂತ ಅಳಿಯಂದ್ರು ಹೇಳಿಕಳಿಸಿದ್ರು. ಸಂಡೂರ ಬಸ್ಸಿಗೆ ಹತ್ತಿಸಿ ಬಂದೆ. ಡ್ರೈವರ್ ಎರ್ರಿಯಪ್ಪ ಮುಂದ ಕುಂದ್ರಿಸ್ಯಾನ, ಭಾಳ ಛಲೋ ಮನಶಾ."

ಗಾದಿಲಿಂಗಪ್ಪ ಒಳಗೆ ನುಗ್ಗಿದ. ಸುತ್ತಿಗೆ ತೆಗೆದುಕೊಂಡ. ಪಕ್ಕದ ಮನೆಯ ಸೈಕಲ್ಲನ್ನು ಕೇಳದೆಯೇ ಹತ್ತಿಬಿಟ್ಟ. ಜನ್ಮದಲ್ಲಿ ಅವನು ಕೇಳದೆ ತೆಗೆದುಕೊಂಡ ವಸ್ತು ಅದೊಂದೇ.

ಇದ್ದಿಲ ಬಸ್ಸು ಎರಡು ಕಡೆ ನಿಂತು ಬೆಂಕಿ ಕೆದಕಿಸಿಕೊಳ್ಳದೆ ಘಟ್ಟದ ಬುಡ ಮುಟ್ಟುತ್ತಿರಲಿಲ್ಲ. ಅವನ ಆಸೆಯೆಲ್ಲ ಅದರ ಮೇಲೆಯೇ. ಕೆಂಪು ಕೆಸರಿನಲ್ಲಿ ಎರಡು ಸಲ ಬಿದ್ದ. ಮೊಣಕಾಲು ಒಡೆಯಿತು. ದಾರಿಯಲ್ಲಿ ಗಾಲಿ ಉರುಳಿದ ಗುರುತು ಕಂಡಾಗಲೆಲ್ಲ ಇನ್ನೂ ಮುರಿದಿಲ್ಲ, ಇನ್ನೂ ಮುರಿದಿಲ್ಲ ಎಂದು ಬಡಬಡಿಸಿದ. ತಿರುವು ಬಂದರೆ ಸಾಕು, ಅದರಾಚೆ ಏನು ಕಾಣುವುದೋ ಎಂದು ಕತ್ತು ಚಾಚುತ್ತಿದ್ದ.

ಘಟ್ಟದ ಮೊದಲ ಏರಿನಲ್ಲಿ ಬಸ್ಸು ಕಂಡಿತು. ಅಲ್ಲಿ ವಾಡಿಕೆಯಂತೆ ಮಂದಿಯೆಲ್ಲ ಇಳಿದು, ನಡೆದು ಏರುತ್ತಿದ್ದರು. ಬಸ್ಸಿನೊಳಗೆ ಉಳಿದಿದ್ದವಳು ಒಬ್ಬಳೇ. ಬಸುರಿ ಹೆಂಗಸು ನಡೆಯುವುದು ಬ್ಯಾಡ ಎಂದು ಅವಳನ್ನು ಕೂರಿಸಿದ್ದರು. ಎಡಕ್ಕೆ ಕಣಿವೆ. ಬೆಂಕಿ ಕೆದಕಿ ಮುಗಿದಿತ್ತು, ಎರ್ರಿಯಪ್ಪ ಆಗತಾನೇ ಹ್ಯಾಂಡಲ್ಲು ತಿರುವಿ ಹತ್ತಿ ಕುಳಿತಿದ್ದ.

ಗಾದಿಲಿಂಗಪ್ಪ ಬಸ್ಸನ್ನು ದಾಟಿ ಬಂದು ಸೈಕಲ್ಲನ್ನು ಅದರ ಮುಂದಕ್ಕೆ ಎಸೆದ.

"ಹುಚ್ಚು ಹಿಡಿತೇನಲೇ?" ಎಂದು ಎರ್ರಿಯಪ್ಪ ಕೂಗಿದ.

"ಇಳಿ ಹಂಪಕ್ಕ! ಜಲ್ದಿ ಇಳಿ!" ಎಂದು ಕಿರುಚುತ್ತಲೇ ಗಾದಿಲಿಂಗಪ್ಪ ಹಿಂದಕ್ಕೆ ಓಡಿ ಬಸ್ಸಿನಡಿ ನುಗ್ಗಿದ. ಎರ್ರಿಯಪ್ಪ ಗಾಲಿಗೆ ಕಲ್ಲು ಕೊಟ್ಟು ತಾನೂ ಬಗ್ಗಿ ನೋಡಿದ. ಸುತ್ತಿಗೆ ಒಂದು ಕಡೆ ಟಣ್ ಅಂದಿತು, ಇನ್ನೊಂದು ಕಡೆ ಟಣ್ ಅಂದಿತು. ಒಲೆಯ ಕೆಳಗೆ ಹೊಡೆದಾಗ ಸದ್ದೇ ಬರಲಿಲ್ಲ. ಸುತ್ತಿಗೆಯ ತಲೆ ಕಬ್ಬಿಣದೊಳಗೆ ಹೊಕ್ಕು ಅಲ್ಲೇ ಸಿಕ್ಕಿಕೊಂಡಿತು.

ಎರ್ರಿಯಪ್ಪ ಕುರೆಕುಪ್ಪದವನು, ಸಂಕ್ರಾಂತಿಯ ಮೇಲೆ ಕೆಲಸಕ್ಕೆ ಬಂದವನು. ಅವನಿಗೆ ಹಿಂದಿನದೇನೂ ಗೊತ್ತಿರಲಿಲ್ಲ. "ಇದಕ್ಕ ಡಾಂಬರ್ ಬಳದಾಂವ ಯಾವನಲೇ? ಅವನ ಕೈ ಸೇದಿ ಹೋಗ!" ಎಂದ.

"ನಾನ," ಅಂದ ಗಾದಿಲಿಂಗಪ್ಪ. ಆಮೇಲೆ, ಯಾರೂ ಕೇಳದಿದ್ದರೂ, "ಎಂಟು ದಿನದಿಂದ ಗೊತ್ತಿತ್ತು ನನಗ" ಅಂದ.

ಗಣಿ ಕೆಲಸಕ್ಕೆಂದು ದಿನಾ ಅದೇ ಬಸ್ಸಿನಲ್ಲಿ ಬರುತ್ತಿದ್ದ ಉಚ್ಚೆಂಗಮ್ಮ ಎಂಬಾಕೆ, ಕಂಕುಳ ಕೂಸನ್ನು ಇನ್ನೊಂದು ಕಡೆಗೆ ಬದಲಿಸಿ, ಅವನ ಕಾಲ ಹತ್ತಿರ ಉಗಿದಳು. ಅವನು ಸರಿಯಲಿಲ್ಲ.

ಹಂಪಕ್ಕ ಪಂಚಮಿ ಉಂಡಿಯ ಗಂಟು ಹಿಡಿದು ಇಳಿದು ನಿಂತಿದ್ದಳು. ಅಪ್ಪನ ಮೊಣಕಾಲಿನ ರಕ್ತ ನೋಡಿದಳು, ಉಚ್ಚೆಂಗಮ್ಮನ ಕೂಸನ್ನೂ ನೋಡಿದಳು.

"ಯಪ್ಪಾ, ನಾ ಇದ್ರಾಗ ಇಲ್ಲದಿದ್ರ ಇವತ್ತು ಬರ್ತಿದ್ಯಾ?"

ಹೂಂ ಅಂದುಬಿಡಬಹುದಿತ್ತು. "ಇಲ್ಲವ್ವ," ಅಂದ. ಅವಳು ಗಂಟನ್ನು ತಲೆಯ ಮೇಲಿಟ್ಟುಕೊಂಡು ಉಳಿದವರ ಜೊತೆ ಘಟ್ಟ ಹತ್ತತೊಡಗಿದಳು. ಗಾದಿಲಿಂಗಪ್ಪ ಇಪ್ಪತ್ತು ಹೆಜ್ಜೆ ಹಿಂದೆ ಸಂಡೂರಿನವರೆಗೂ ನಡೆದ.

ಧಣಿ ಬೈದ, ಒಂದೇಟು ಹಾಕಿದ, ಹೊಸ ಚಾಸಿಗೆ ಸಿಂಧೂರ ಬಳಿಯಲು ಕೊನೆಗೆ ಅವನನ್ನೇ ಕರೆಸಿದ. ಎಂಟು ದಿನ ಹೆದರಿ ಸತ್ತದ್ದೆಲ್ಲ ಇಷ್ಟಕ್ಕೆ! ಆದರೂ ಗಾದಿಲಿಂಗಪ್ಪನ ಹೆದರಿಕೆ ಹೋಗಲಿಲ್ಲ. ಬದುಕಿರುವ ತನಕ ದಿನಾ ಬೆಳಿಗ್ಗೆ ಸುತ್ತಿಗೆ ಹಿಡಿದು ಸ್ಟ್ಯಾಂಡಿಗೆ ಬರುತ್ತಿದ್ದ. ಯಾರೂ ಕರೆಯದಿದ್ದರೂ ಪ್ರತಿ ಬಸ್ಸಿನಡಿ ಮಲಗಿ ಟಣ್ ಟಣ್ ಎಂದು ಬಡಿದು ಕಿವಿಗೊಡುತ್ತಿದ್ದ.

"ಯಾಕ ಗಾದಿಲಿಂಗಣ್ಣ, ಇವತ್ತು ನಮ್ಮ ಬಸ್ಸಿನಾಗ ನಿನ್ನ ಮಗಳದಾಳೇನು?" ಎಂದು ಡ್ರೈವರುಗಳು ನಗುತ್ತಿದ್ದರು.

"ಅದಾಳ್ರಿ," ಅನ್ನುತ್ತಿದ್ದ. ಇನ್ನೊಂದು ಏಟು ಹಾಕುತ್ತಿದ್ದ.