ಎದುರಿಗೆ ಕೂತು ಕಲಿತ ಕೈ

ನಮ್ಮ ಮನೆಯವರ ಹೆಸರು ಮಂಚಯ್ಯ. ಬಿಂಡಿಗನವಿಲೆಯಿಂದ ಒಂದು ಮೈಲಿ ಒಳಕ್ಕೆ ನಡೆದರೆ ನಮ್ಮೂರು. ಅವರ ಕಸುಬು ಕುರಿ ಮೇಯಿಸುವುದು. ಕೇರಿಯ ಗಂಡಸರಿಗೆ ಗಡ್ಡ ಹೆರೆಯುವುದು ಕಸುಬಲ್ಲ, ಅದನ್ನು ಏನನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದಿನ ಬೇವಿನ ಮರದಡಿ ಏಳೆಂಟು ಜನ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಇವರು ಒಬ್ಬೊಬ್ಬರ ಗದ್ದ ಹಿಡಿದು, ಎಡಗೈಯಲ್ಲಿ ಕತ್ತಿ ಎಳೆಯುತ್ತಿದ್ದರು. ನಾನು ಇವರ ಎದುರಿಗೆ ಕೂತು ನೀರಿನ ಬಟ್ಟಲು ಹಿಡಿಯುತ್ತಿದ್ದೆ. ಕೊನೆಗೆ ತಮ್ಮ ಗಡ್ಡ ತಾವೇ ಮಾಡಿಕೊಳ್ಳುವಾಗ ಕನ್ನಡಿಯ ಚೂರನ್ನೂ ನಾನೇ ಹಿಡಿಯಬೇಕು. ಹೆಂಗಸು ಬಟ್ಟಲು ಹಿಡಿಯಬಹುದು, ಕನ್ನಡಿ ಹಿಡಿಯಬಹುದು. ಕತ್ತಿ ಮುಟ್ಟುವ ವಾಡಿಕೆ ಇರಲಿಲ್ಲ.

ಮದುವೆಯಾದ ಹೊಸದರಲ್ಲಿ ಒಂದು ದಿನ ಕೇಳಿದೆ. "ಉಣ್ಣಾದು ಬಲಗೈ, ಕುರಿಗೆ ಕಲ್ ಬೀಸಾದು ಬಲಗೈ. ಕತ್ತಿ ಮಾತ್ರ ಯಾಕೆ ಎಡಗೈ?"

ಅವರು ನಗಾಡಿದರು. ಆಮೇಲೆ ಹೇಳಿದರು.

ಊರೊಳಗೆ ಗಡ್ಡ ಮಾಡುತ್ತಿದ್ದವರು ಚಿಕ್ಕಸ್ವಾಮಿ ಅಂತ. ಕೆರೆ ಏರಿ ಕೆಳಗಿನ ಹೊಂಗೆ ಮರದ ನೆರಳು ಅವರ ಜಾಗ. ನಮ್ಮ ಕೇರಿಯವರ ಗಡ್ಡಕ್ಕೆ ಆ ನೆರಳಿರಲಿಲ್ಲ. ಇವರಿಗೆ ಹದಿನಾರು ವರ್ಷವಾಗಿ ತುಟಿ ಮೇಲೆ ಕಪ್ಪಾದಾಗ, ಕುರಿ ಬಿಟ್ಟುಕೊಂಡು ಬದುವಿನಾಚೆ ಕೂತು, ಚಿಕ್ಕಸ್ವಾಮಿಯ ಕೈಯನ್ನೇ ನೋಡುತ್ತಿದ್ದರಂತೆ. ಆ ಕೈ ಮೇಲೆ ಹೋದರೆ ಇವರ ಕೈಯೂ ಗಾಳಿಯಲ್ಲಿ ಮೇಲೆ ಹೋಗುವುದು. ಅದು ಕಿವಿಯ ಹತ್ತಿರ ತಿರುಗಿದರೆ ಇದೂ ತಿರುಗುವುದು. ಎದುರುಬದುರು ಕೂತವರು ತಾನೆ! ಅವರ ಬಲಗೈ ಇವರ ಎಡಗಡೆಗೆ ಬಂತು. ಹಾಗಾಗಿ ಎಡಗೈ ಕಲಿತುಬಿಟ್ಟಿತು. ಆಮೇಲೆ ನಾಗಮಂಗಲದ ಸಂತೆಯಲ್ಲಿ ಹಳೇ ಕಬ್ಬಿಣದವನಿಗೆ ಒಂದು ಟಗರು ಕೊಟ್ಟು, ಕೋಣದ ಕೊಂಬಿನ ಹಿಡಿಯ ಮಡಿಚುಗತ್ತಿ ತಂದರು. ಮೊದಲ ಗಡ್ಡ ಹೆರೆದದ್ದು ಬೂದುಗುಂಬಳದ ಎಳೆಗಾಯಿಗೆ. ಅದಕ್ಕೆ ಮೈತುಂಬ ಸಣ್ಣ ಬಿಳಿಗೂದಲು. ಸಿಪ್ಪೆ ಗೀರದೆ ಕೂದಲು ಹೋದರೆ ಕೈ ಬಂತು ಅಂತ ಲೆಕ್ಕ. ಎರಡನೇ ಗಡ್ಡ ತಮ್ಮದೇ.

"ಬಲಗೈಗೆ ಬದಲಾಯ್ಸಬಾರದಿತ್ತಾ?" ಅಂದೆ.

"ತಪ್ಪಾಗಿ ಕಲ್ತ್ರೂ ನಾನೇ ಕಲ್ತಿದ್ದು ಕಣಮ್ಮಿ. ಇರ್ಲಿ ಬುಡು."

ಮೂವತ್ತು ವರ್ಷ ಹಾಗೇ ಇತ್ತು. ಕೇರಿಯ ಮದುವೆ ಗಂಡುಗಳೆಲ್ಲ ಆ ಎಡಗೈಯ ಕೆಳಗೆ ಕಣ್ಣು ಮುಚ್ಚಿ ಕೂತು ಎದ್ದವರು. ಕತ್ತಿ ಹೋಗುವಾಗ ಒಂದು ಸದ್ದು ಬರುತ್ತಿತ್ತು, ಯಾರೋ ದೂರದಲ್ಲಿ ಮೊರದಲ್ಲಿ ಎಳ್ಳು ಕೇರಿದ ಹಾಗೆ. ಬಟ್ಟಲು ಹಿಡಿದು ಕೂತ ನನಗೆ ಆ ಸದ್ದಿಗೆ ಜೊಂಪು ಬರುವುದು. ಜೊಂಪಿನಲ್ಲೂ ನನ್ನ ಬಲಗೈ ಬೆರಳು ಸಣ್ಣಗೆ ಆಡುತ್ತಿದ್ದವು, ಬಟ್ಟಲ ನೀರು ಅಲ್ಲಾಡುವುದರಿಂದ ಗೊತ್ತಾಗುತ್ತಿತ್ತು. "ನೀರ್ ಚೆಲ್ಬ್ಯಾಡ್ವೆ" ಅನ್ನೋರು.

ತೊಂಬತ್ನಾಲ್ಕರ ಸಂಕ್ರಾಂತಿ ಕಳೆದ ಒಂಬತ್ತನೇ ದಿನ ಅವರು ಹಟ್ಟಿಯಲ್ಲಿ ಬಿದ್ದರು. ಲಕ್ವ ಹೊಡೆದಿತ್ತು. ಕಾಲು ಸುಮಾರಾಗಿ ಮರಳಿ ಬಂತು, ಮಾತು ಬಂತು. ಎಡಗೈ ಬರಲಿಲ್ಲ. ಒದ್ದೆ ಟವೆಲಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು.

ಒಂದು ಭಾನುವಾರ ನನ್ನ ಕೈಗೆ ಕನ್ನಡಿ ಕೊಟ್ಟು, ಬಲಗೈಯಲ್ಲಿ ಕತ್ತಿ ತಗೊಂಡರು. ಕಿವಿಯ ಕೆಳಗೆ ಇಟ್ಟದ್ದೇ ತಡ, ರಕ್ತ. ಕತ್ತಿ ಮಡಿಚಿಟ್ಟರು. "ಈ ಕೈಗೆ ಗೊತ್ತಿಲ್ಲ" ಅಂದರು, ಯಾರದೋ ಮನೆಯ ಆಳಿನ ಬಗ್ಗೆ ಹೇಳುವ ಹಾಗೆ. ಅವತ್ತಿನಿಂದ ಗಡ್ಡ ಬೆಳೆಯಿತು. ಮನೆ ಹಿಂದೆ ಕೂರುವುದು ಶುರುವಾಯಿತು. ಬೇವಿನ ಮರದ ಕಡೆ ಬರಲೇ ಇಲ್ಲ.

ಆ ವೈಶಾಖದಲ್ಲಿ ನಮ್ಮ ಮಗಳು ಸಿದ್ದಲಿಂಗಮ್ಮನ ಮದುವೆ. ಗಂಡಿನ ಮನೆ ಶ್ರೀರಂಗಪಟ್ಟಣದ ಹತ್ತಿರ, ಕರಿಘಟ್ಟದ ಬೆಟ್ಟದ ಬುಡದ ಹಳ್ಳಿ. ಮದುವೆ ಅಲ್ಲೇ ಅಂತ ಆಗಿತ್ತು. ಇವರ ತಮ್ಮ ಪುಟ್ಟರಾಜು ಬಂದು ಕೂತ.

"ಅಣ್ಣ, ಬೆಳ್ಳೂರ್ ಕ್ರಾಸಲ್ಲಿ ಅಂಗಡಿ ಆಗೈತೆ. ತಿರ್ಗೋ ಕುರ್ಚಿ. ಈಗ ಯಾರ್ ಹೋದ್ರೂ ಮಾಡ್ತರೆ. ನಡಿ, ಬಸ್ಸಲ್ ಕರ್ಕಂಡೋಯ್ತೀನಿ."

"ಅವತ್ತು ಮುಟ್ನಿಲ್ಲ, ನಾನೇ ಮಾಡ್ಕಂಡೆ. ಇವತ್ ಕೈ ಬಿದ್ದದೆ ಅಂತ ಹೋಗಿ ಕುರ್ಚಿ ಮ್ಯಾಲೆ ಕೂತ್ಕಂಬೇಕೇನ್ಲಾ? ನನ್ ಗಡ್ಡ ನನ್ ಕತ್ತೀಗೇಯ."

"ಮತ್ತೆ ಧಾರೆಗೆ?"

"ನೀನ್ ಕೂತ್ಕೊಳಲಾ. ಸೂತಕದೋನಂಗೆ ಗಡ್ಡ ಬುಟ್ಕಂಡು ಮಗಳ ಕೈ ಎತ್ಕೊಡಾದಾ ನಾನು?"

ಒಲೆಯ ಮುಂದೆ ಇದ್ದ ಮಗಳು ಹಿಟ್ಟಿನ ಕೋಲು ನಿಲ್ಲಿಸಿದಳು. "ಅವ್ವ, ಅಪ್ಪ ಧಾರೆ ಎರೀದಿದ್ರೆ ನಾನು ಹಸೆ ಮ್ಯಾಲೆ ಕೂರಕಿಲ್ಲ" ಅಂದಳು. ಅಪ್ಪನಂತೆಯೇ ಅವಳು, ಒಂದು ಮಾತು ಆಡಿದರೆ ಮುಗಿಯಿತು. ಮುದ್ದೆ ಗಂಟಾಗಿತ್ತು. ಅದನ್ನೇ ಉಂಡೆವು.

ಮಾರನೇ ದಿನ ಮಧ್ಯಾಹ್ನ ಇವರು ಮಲಗಿದ್ದಾಗ ಗೂಡಿನಿಂದ ಕತ್ತಿ ತಗೊಂಡೆ. ಬಚ್ಚಲ ನೀರಿಗೆ ಹಬ್ಬಿದ ಬೂದುಗುಂಬಳದ ಬಳ್ಳಿಯಲ್ಲಿ ನಾಲ್ಕು ಎಳೆಗಾಯಿ ಇದ್ದವು. ಬಳ್ಳಿಯಿಂದ ಕೀಳದೆ, ತೊಡೆಯ ಮೇಲಿಟ್ಟುಕೊಂಡು ಸೋಪಿನ ನೊರೆ ಹಚ್ಚಿದೆ. ಮೊದಲ ಕಾಯಿ ಹರಿದುಹೋಯಿತು, ಅವತ್ತಿನ ಸಾರಿಗೆ ಹಾಕಿದೆ. ಎರಡನೆಯದಕ್ಕೆ ಮೂರು ಗೀರು. ಮೂರನೆಯದರಲ್ಲಿ ಇನ್ನೊಂದು ಮಾಡಿದೆ: ಕೈ ನೋಡುವುದನ್ನು ಬಿಟ್ಟು ಕಣ್ಣು ಅರ್ಧ ಮುಚ್ಚಿದೆ. ಬೇವಿನ ಮರ, ಭಾನುವಾರದ ಬಿಸಿಲು, ನೊರೆಯ ವಾಸನೆ, ಎಲ್ಲ ಬಂತು. ಎದುರಿಗೆ ಅವರ ಎಡಗೈ ಹೋಯಿತು. ಇತ್ತ ನನ್ನ ಬಲಗೈ ಹೋಯಿತು. ಎಳ್ಳು ಕೇರಿದ ಸದ್ದು ಬಂತು. ಕಣ್ಣು ಬಿಟ್ಟರೆ ಕಾಯಿ ಕೂಸಿನ ಕೆನ್ನೆಯ ಹಾಗೆ ಹೊಳೆಯುತ್ತಿತ್ತು.

ಬೇಲಿಯಾಚೆ ಪಕ್ಕದ ಮನೆ ಕುಳ್ಳಮ್ಮ ಯಾವಾಗ ಬಂದಿದ್ದಳೋ. "ಏನ್ ಮಾರಿ, ಕುಂಬ್ಳಕಾಯ್ಗೂ ಲಗ್ನ ಗೊತ್ತಾಯ್ತಾ?"

"ಗಂಡು ಒಪ್ಕಂಡದೆ. ನಿನ್ ತಲೇನೂ ಕೊಡು, ನುಣ್ಣಗ್ ಮಾಡ್ತೀನಿ."

"ನನ್ ಗಂಡಂದ್ ನಾಲ್ಗೆ ಹೆರೆಯಂಗಿದ್ರೆ ಹೇಳವ್ವ" ಅಂತ ನಗಾಡಿಕೊಂಡು ಹೋದಳು.

ಸಂಜೆ ಇವರು ಬಚ್ಚಲ ಕಡೆ ಹೋದರು. ಬಳ್ಳಿಯ ಹತ್ತಿರ ನಿಂತರು. ಬಲಗೈಯಲ್ಲಿ ಆ ಬೋಳು ಕಾಯಿಯನ್ನು ಒಂದು ಸುತ್ತು ಸವರಿದರು. ನಾನು ಒಳಗಿನಿಂದ ನೋಡುತ್ತಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಕತ್ತಿ ಮಸೆಯುವ ಚರ್ಮದ ಪಟ್ಟಿಗೆ ಹರಳೆಣ್ಣೆ ಸವರಿತ್ತು.

ಮದುವೆಯ ಹಿಂದಿನ ಸಂಜೆ ಟೆಂಪೊದಲ್ಲಿ ಹೋಗಿ ಗಂಡಿನ ಊರಲ್ಲಿ ಇಳಿದೆವು. ಬೆಳಗಿನ ಜಾವ ಇವರು ನನ್ನ ಭುಜ ಮುಟ್ಟಿದರು. "ಬಟ್ಲು ತಂದಿದ್ದೀಯಾ?"

"ತಂದಿವ್ನಿ."

"ನಡಿ."

ಲೋಕಪಾವನಿ ಹೊಳೆ ಹತ್ತಿರವೇ. ಬೇಸಿಗೆಯ ಸಣ್ಣ ನೀರು, ಸದ್ದಿಲ್ಲದೆ ಮರಳು ಸವರಿಕೊಂಡು ಹೋಗುತ್ತಿತ್ತು. ಬೆಟ್ಟ ಇನ್ನೂ ಕಪ್ಪಗೆ ಮಲಗಿತ್ತು, ಅದರ ಬೆನ್ನ ಹಿಂದೆ ಮಾತ್ರ ಹಾಲಿನಂಥ ಬೆಳಕು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇವರು ಕೂತರು. ನಾನು ಎದುರಿಗೆ. ಮೊದಲು ಕತ್ತರಿಯಲ್ಲಿ ಉದ್ದದ ಗಡ್ಡ ಕತ್ತರಿಸಿದೆ. ಟವೆಲು ನೆನೆಸಿ ನೆನೆಸಿ ಮುಖಕ್ಕೆ ಇಟ್ಟೆ. ನೊರೆ ಹಚ್ಚಿದೆ. ಬೆಳಕು ಬರುವ ತನಕ ಕಾದೆ. ಪಟ್ಟಿಯ ಮೇಲೆ ಕತ್ತಿಯನ್ನು ಹತ್ತು ಸಲ ಆ ಕಡೆ, ಹತ್ತು ಸಲ ಈ ಕಡೆ ಎಳೆದೆ, ಬೆನ್ನು ಮುಂದಾಗಿ.

ಅವರು ಕಣ್ಣು ಮುಚ್ಚಿದರು. ಹದಿನಾರನೇ ವರ್ಷದಿಂದ ಯಾರ ಕೈಗೂ ಕೊಡದ ಮುಖ.

ಕಿವಿಯ ಹತ್ತಿರದಿಂದ ಇಳಿಸಿದೆ. ನೊರೆಯ ಕೆಳಗಿಂದ ಚರ್ಮ ಬರುತ್ತಾ ಹೋಯಿತು, ಬೆಳಗಾದಂತೆ ಹೊಲ ಬರುವ ಹಾಗೆ. ಗದ್ದದ ಕೆಳಗೆ ಒಂದು ಹಳೆಯ ಗೀರು ಕಂಡಿತು. ಕನ್ನಡಿಯ ಹಿಂದೆ ಕೂತವಳು, ಮೂವತ್ತು ವರ್ಷ ಬಾಳಿದರೂ ನಾನು ಅದನ್ನು ನೋಡಿರಲಿಲ್ಲ. ಹದಿನಾರರಲ್ಲಿ ಕುಂಬಳಕಾಯಿ ಹೆರೆದ ಮಾರನೇ ದಿನದ್ದಿರಬೇಕು. ಬದುವಿನಾಚೆ ಕೂತ ಆ ಹುಡುಗನ ಮುಖ ಅದೇ ಕಲ್ಲಿನ ಮೇಲೆ ಕೂತ ಹಾಗಾಯಿತು. ಅವನಿಗೂ ಇವರಿಗೂ ಸೇರಿಸಿಯೇ ಹೆರೆಯುತ್ತಿದ್ದೆ.

ಗಂಟಲ ಹತ್ತಿರ ಬಂದಾಗ ಕೈ ನಿಂತಿತು.

"ಉಸ್ರು ಹಿಡೀಬ್ಯಾಡ ಅಮ್ಮಿ. ನೀನ್ ಹಿಡಿದ್ರೆ ಕತ್ತೀನೂ ಹಿಡೀತದೆ." ಕಣ್ಣು ಬಿಡದೆಯೇ ಹೇಳಿದರು.

ಉಸಿರು ಬಿಟ್ಟೆ. ಕತ್ತಿ ಹೋಯಿತು. ಕೊನೆಯಲ್ಲಿ ದವಡೆಯ ಮೂಲೆಗೆ ಒಂದು ಸಾಸಿವೆಯಷ್ಟು ರಕ್ತ. ಗಾಬರಿಯಾಗಿ ಪಟಿಕ ಒತ್ತಿದೆ.

"ಇರ್ಲಿ ಬುಡು, ದೃಷ್ಟಿ ಬೊಟ್ಟು."

ಆಮೇಲೆ ಬಲಗೈಯಲ್ಲಿ ಕೆನ್ನೆ ಸವರಿಕೊಂಡರು, ಆ ಕಾಯಿ ಸವರಿದ ಹಾಗೇ, ಒಂದು ಸುತ್ತು. ನನ್ನ ಕೈ ಹಿಡಿದು ತಿರುಗಿಸಿ ನೋಡಿದರು.

"ಚಿಕ್ಕಸ್ವಾಮಿ ಕೈ ಇಂಗೇ ಹೋಗ್ತಿತ್ತು ಕಣೆ. ಬಲಗೈ. ಇಂಗೇಯ."

"ನಾನೆಲ್ ಕಂಡಿದ್ದೆ ಅವರ್ನ? ನಿನ್ ಎದುರ್ಗೆ ಕೂತಿದ್ದೆ, ಅಷ್ಟೆ."

ಧಾರೆಯ ಹೊತ್ತಿಗೆ ಗಂಡಿನ ಕಡೆಯ ಒಬ್ಬ ಮುದುಕ ಇವರ ಮುಖವನ್ನೇ ನೋಡಿದ. "ಏನ್ ಬೀಗ್ರೆ, ಪಟ್ಟಣದಲ್ಲಿ ಮಾಡಿಸ್ಕಂಡ್ರಾ? ಬೋ ನುಣ್ಣಗದೆ."

"ಮನೇಲೆ" ಅಂದರು ಇವರು.

ಚೊಂಬನ್ನು ಬಲಗೈಯಲ್ಲಿ ಹಿಡಿದರು. ಎಡಗೈಯನ್ನು ನಾನು ಕೆಳಗಿನಿಂದ ಎತ್ತಿ ಚೊಂಬಿಗೆ ತಾಗಿಸಿದೆ. ಹಾಲು ನೀರು ಮಗಳ ಕೈ ಮೇಲೆ ಇಳಿಯಿತು. ಸಿದ್ದಲಿಂಗಮ್ಮ ತಲೆ ಎತ್ತಿ ಅಪ್ಪನ ಮುಖ ನೋಡಿದಳು, ದವಡೆಯ ಮೂಲೆಯ ಆ ಚುಕ್ಕೆಯನ್ನೂ ನೋಡಿದಳು, ಆಮೇಲೆ ನನ್ನ ಕೈಯನ್ನು. ನನ್ನ ಬೆರಳ ಸಂದಿಯಲ್ಲಿ ಇನ್ನೂ ಸ್ವಲ್ಪ ನೊರೆ ಒಣಗಿತ್ತು.