ಅಪ್ಪ ಕತ್ತರಿಸಿ ಕೊಟ್ಟ ಮೆರವಣಿಗೆ

ಶಿರೂರು ಕಡಲತೀರದಲ್ಲಿ ತೆಗೆದ ಮೀನುಗಾರರ ಹೋರಾಟದ ಸಿನಿಮಾದಿಂದ ಮೆರವಣಿಗೆಯ ದೃಶ್ಯ ತೆಗೆಯಬೇಕೆಂದು ಸೆನ್ಸಾರ್ ಮಂಡಳಿ ಸೂಚಿಸಿದೆ. ಇಂದಿನ ಪತ್ರಿಕೆಯ ಕರಾವಳಿ ಪುಟದಲ್ಲಿ ಸುದ್ದಿಯಿದೆ. ಅದನ್ನು ಓದುವಾಗ ಪಕ್ಕದಲ್ಲಿ ಮಗಳು ಹತ್ತಿಗೆ ದ್ರಾವಣ ಹಾಕಿ ಉಗುರುಬಣ್ಣ ಒರೆಸುತ್ತಿದ್ದಳು. ಆ ಘಾಟು ನನ್ನ ಅಪ್ಪನ ಬೆರಳುಗಳದ್ದು.

ಅಪ್ಪ ತೆಕ್ಕಟ್ಟೆಯ ಟೆಂಟ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ತುಂಡಾದ ರೀಲನ್ನು ಬ್ಲೇಡಿನಿಂದ ಕೆರೆದು, ಅದೇ ಘಾಟಿನ ಅಂಟು ಹಚ್ಚಿ, ಊದಿ ಜೋಡಿಸುತ್ತಿದ್ದರು.

ಒಮ್ಮೆ ಹತ್ತಿರದ ಹಂಗಾರಕಟ್ಟೆಯಲ್ಲೇ ತೆಗೆದ ಸಿನಿಮಾ ಬಂತು. ಅದರ ಮೆರವಣಿಗೆಯಲ್ಲಿ ನಡೆದವರು ಅಲ್ಲಿಯ ಮೀನುಗಾರರೇ. ನಮ್ಮೂರಿಗೆ ಮೀನು ಮಾರಲು ಬರುತ್ತಿದ್ದ ಅಕ್ಕಮ್ಮನ ಗಂಡನೂ ಅವರಲ್ಲಿದ್ದರು. ಸಿನಿಮಾ ಬರುವಷ್ಟರಲ್ಲಿ ಅವರು ಕಡಲಿನ ಪಾಲಾಗಿದ್ದರು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇರಲಿಲ್ಲ. ಅಕ್ಕಮ್ಮ ದಿನಾ ಬಂದು ಮುಂದೆ ಕೂರುತ್ತಿದ್ದರು.

"ಹ್ವಾಯ್, ಕಾಣಿ! ಮನೆಂಗ್ ಬಾಯೇ ಬಿಡ್ದಿದ್ದರ್ ಇಲ್ಲ್ ಹ್ಯಾಂಗ್ ಕೂಗ್ತ್ರ್!" ಎಂದು ಪರದೆಯ ಮೇಲಿನ ಗಂಡನನ್ನು ತೋರಿಸಿ ನಗುತ್ತಿದ್ದರು.

ಒಂದು ವಾರದಲ್ಲಿ ಅಧಿಕಾರಿಗಳು ಸರ್ಕಾರದ ಆದೇಶ ತಂದರು. ಅಪ್ಪ ಮೆರವಣಿಗೆಯಷ್ಟನ್ನೂ ಕತ್ತರಿಸಿ, ಸುತ್ತಿ, ಅವರ ಕೈಗೆ ಕೊಟ್ಟರು. ಅಂದು ಮೊದಲ ಆಟ ಮುಗಿದ ಮೇಲೆ ಅಕ್ಕಮ್ಮ ಕ್ಯಾಬಿನ್ ಬಾಗಿಲಿಗೆ ಬಂದರು. ನಾನು ರೀಲಿನ ಡಬ್ಬದ ಮೇಲೆ ಕೂತಿದ್ದೆ.

"ಇವತ್ತ್ ಅವ್ರ್ ಬರ್ಲೇ ಇಲ್ಲೆ ಅಲ್ದಾ?"

"ಸರ್ಕಾರದರ್ ತೆಗುಕೆ ಹೇಳ್ರ್," ಅಪ್ಪ ತಲೆ ಎತ್ತಲಿಲ್ಲ.

"ಅವ್ರ್ ಎಂತ ಮಾಡಿರ್? ಕೈ ಎತ್ತಿರ್, ಅಷ್ಟೇ ಅಲ್ದಾ?"

ಆ ಮುಖವಿದ್ದ ಬೆರಳಗಲದ ಒಂದು ತುಂಡನ್ನಾದರೂ ಉಳಿಸಿಕೊಳ್ಳಬೇಕಿತ್ತು ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು.

ಈಗಿನ ಸಿನಿಮಾದ ನಿರ್ಮಾಪಕರು ಮರುಪರಿಶೀಲನೆ ಕೋರಿದ್ದಾರೆ. ಪರಿಷ್ಕರಣಾ ಸಮಿತಿ ಸೋಮವಾರ ಸಿನಿಮಾ ನೋಡಲಿದೆ.